ಮೂಟೆಯ ತಳಕ್ಕೆ ಕೈ ಹಾಕುವುದು

ದೊಡ್ಡಪ್ಪ ಸಾಗರದ ಅಡಿಕೆ ಮಂಡಿಯೊಂದರಲ್ಲಿ 30 ವರ್ಷಕ್ಕೂ ಮೀರಿ ಗುಮಾಸ್ತರಾಗಿದ್ದರು. ಮೂಟೆ ಬಿಚ್ಚಿದರೆ ಮೇಲಿದ್ದ ಅಡಿಕೆಯನ್ನು ಅವರು ಮೂಸಿಯೂ ನೋಡುತ್ತಿರಲಿಲ್ಲ. ಮೊಣಕೈ ಮುಳುಗುವವರೆಗೆ ತೋಳು ತೂರಿಸಿ, ತಳದಿಂದ ಒಂದು ಹಿಡಿ ಎತ್ತಿ, ಕಿವಿಯ ಬಳಿ ಅಲುಗಿಸುತ್ತಿದ್ದರು. ಚೆನ್ನಾಗಿ ಒಣಗಿದ ರಾಶಿ ಅಡಿಕೆ, ಅಂದರೆ ಬೇಯಿಸಿ ಒಣಗಿಸಿದ ಕೆಂಪಡಿಕೆ, ಕಟಕಟ ಎನ್ನುತ್ತದೆ. ಹಸಿ ಉಳಿದದ್ದರ ದನಿ ಮಂದ. ಒಮ್ಮೊಮ್ಮೆ ದನಿ ಸರಿಯಿದ್ದರೂ ಅವರ ಹುಬ್ಬು ಗಂಟಿಕ್ಕುತ್ತಿತ್ತು. "ಯಾಕೋ ಇದು ಬೇರೆ ಅನ್ನಿಸ್ತದೆ" ಎಂದು ಅಡಕತ್ತರಿ ತರಿಸಿ ಕೊಯ್ದು ನೋಡುತ್ತಿದ್ದರು. ಬೇಯಿಸದೆ ಒಣಗಿಸಿದ ಹಳೆಯ ಚಾಲಿ ಅಡಿಕೆಗೆ ಬಣ್ಣ ಕಟ್ಟಿ ರಾಶಿಯ ಜತೆ ಬೆರೆಸಿದ್ದು ಹೀಗೆ ಸಿಕ್ಕಿಬಿದ್ದದ್ದನ್ನು ಒಂದು ಬೇಸಿಗೆ ರಜೆಯಲ್ಲಿ ನಾನೇ ಕಂಡಿದ್ದೇನೆ. ಹೇಗೆ ಗೊತ್ತಾಯಿತು ಎಂದು ಕೇಳಿದ್ದಕ್ಕೆ, "ಚೊಗರಿನ ಬಣ್ಣಕ್ಕೆ ಒಂದು ಆಳ ಇರ್ತದೆ, ಇದಕ್ಕಿಲ್ಲ" ಎಂದರು. ಚೊಗರೆಂದರೆ ಅಡಿಕೆ ಬೇಯಿಸಿದಾಗ ಉಳಿಯುವ ಕೆಂಪು ರಸ. ಕೈಗೆ ಗೊತ್ತಿದ್ದದ್ದರಲ್ಲಿ ಬಾಯಿಗೆ ಬಂದದ್ದು ಅಷ್ಟೇ.

'ಯಾಕೋ' ಎಂಬ ಮಾತನ್ನು ನಾವು ದಿನಕ್ಕೆ ಎಷ್ಟು ಸಲ ಆಡುತ್ತೇವೆ! ಯಾಕೋ ಸರಿ ಕಾಣ್ತಿಲ್ಲ. ಯಾಕೋ ಮನಸ್ಸು ಒಪ್ತಿಲ್ಲ. ಆ ಪುಟ್ಟ ಪದದ ಹೊಟ್ಟೆಯಲ್ಲಿ 'ಯಾಕೆ' ಎಂಬ ಪ್ರಶ್ನೆಯಿದೆ, ಕೊನೆಯ ಓಕಾರದಲ್ಲಿ 'ಇನ್ನೂ ತಿಳಿದಿಲ್ಲ' ಎಂಬ ಒಪ್ಪಿಗೆಯಿದೆ. ದೊಡ್ಡಪ್ಪ ಅದನ್ನು ತೀರ್ಪಿನಂತೆ ಬಳಸಲಿಲ್ಲ. 'ಯಾಕೋ' ಎಂದು ಮೂಟೆ ತಿರಸ್ಕರಿಸಿದ್ದನ್ನು ನಾನು ಕಂಡಿಲ್ಲ. 'ಯಾಕೋ' ಎಂದ ಕೂಡಲೇ ಅಡಕತ್ತರಿ ಬರಬೇಕು, ಅಷ್ಟೇ. 20 ವರ್ಷದಿಂದ ಬೆಂಗಳೂರಿನಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತಿರುವ ನನಗೆ, ವ್ಯವಹಾರದಲ್ಲಿ ಸುಳ್ಳು ಮತ್ತು ಅನ್ಯಾಯವನ್ನು ಗುರುತಿಸುವ ಬಗ್ಗೆ ಯಾರಾದರೂ ಮಾತೆತ್ತಿದರೆ ಮೊದಲು ನೆನಪಾಗುವುದು ಆ ತೋಳು, ಆ ಅಡಕತ್ತರಿ.

2011ರ ಸುಮಾರಿಗೆ ನಾನು ಒಂದು ಕಾರ್ಖಾನೆಯ ಲೆಕ್ಕ ವಿಭಾಗದಲ್ಲಿದ್ದೆ. ಯಂತ್ರಗಳ ಸಣ್ಣಪುಟ್ಟ ರಿಪೇರಿಗೆ ಒಬ್ಬ ಗುತ್ತಿಗೆದಾರರ ಬಿಲ್ ತಿಂಗಳಿಗೊಂದು ಬರುತ್ತಿತ್ತು. ಆ ಬಿಲ್ ಕೈಗೆತ್ತಿಕೊಂಡಾಗಲೆಲ್ಲ ಒಂದು ಕಸಿವಿಸಿ. ಸಹಿ ಇತ್ತು, ಮೊಹರಿತ್ತು, ಕೆಲಸ ಮುಗಿದಿದೆ ಎಂಬ ದೃಢೀಕರಣ ಇತ್ತು, ಕೂಡಿಸಿದರೆ ಮೊತ್ತವೂ ತಾಳೆಯಾಗುತ್ತಿತ್ತು. ಮೂರು ತಿಂಗಳು ಸುಮ್ಮನೆ ಪಾಸು ಮಾಡಿದೆ. ನಾಲ್ಕನೆಯ ತಿಂಗಳು, ಮಧ್ಯಾಹ್ನ ಊಟದ ಹೊತ್ತಿನಲ್ಲಿ, ಬೇರೆಯವರ ಬಿಲ್ಲುಗಳ ಕಟ್ಟಿನ ಪಕ್ಕದಲ್ಲಿ ಅದನ್ನು ಇಟ್ಟಾಗ ಹೊಳೆಯಿತು: ಈ ಕಾಗದಕ್ಕೆ ಮಡಿಕೆಯೇ ಇಲ್ಲ. ಉಳಿದವು ಯಾರದೋ ಜೇಬಿನಲ್ಲಿ ನಾಲ್ಕು ಮಡಿಕೆಯಾಗಿ ಬಂದವು, ಎಣ್ಣೆಯ ಬೆರಳ ಗುರುತು ಹೊತ್ತವು. ರಿಪೇರಿ ಮಾಡುವವನ ಬಿಲ್ ಮದುವೆ ಕರೆಯೋಲೆಯಷ್ಟು ನೀಟಾಗಿ ಹೇಗೆ ಬರುತ್ತದೆ?

ಅಲ್ಲಿಂದ ಮುಂದಿನದು ತಾನಾಗಿ ಬಿಚ್ಚಿಕೊಂಡಿತು. ಹಳೆಯ ಕಡತ ತೆಗೆದೆ. ಏಪ್ರಿಲ್ ಬಿಲ್ಲಿನ ಸಂಖ್ಯೆ 41, ಮೇ ತಿಂಗಳದ್ದು 42, ಜೂನ್ 43, ಜುಲೈ 44. ಊರಿಗೆಲ್ಲ ಕೆಲಸ ಮಾಡಿಕೊಡುತ್ತೇನೆ ಎನ್ನುವವರಿಗೆ ನಾಲ್ಕು ತಿಂಗಳಲ್ಲಿ ನಮ್ಮನ್ನು ಬಿಟ್ಟರೆ ಇನ್ನೊಬ್ಬ ಗಿರಾಕಿ ಇರಲೇ ಇಲ್ಲವೇ? ಮೊತ್ತಗಳನ್ನು ಬರೆದುಕೊಂಡೆ. 48,500, 49,200, 47,900, 49,600. ನಮ್ಮಲ್ಲಿ 50,000 ದಾಟಿದರೆ ಮೇಲಧಿಕಾರಿಯ ಸಹಿ ಬೇಕಿತ್ತು. ತನಿಖೆ ನಡೆದಾಗ ಗೊತ್ತಾದದ್ದು: ಅಂಥ ಗುತ್ತಿಗೆದಾರರೇ ಇರಲಿಲ್ಲ, ಬಿಲ್ ಪುಸ್ತಕ ಖರೀದಿ ವಿಭಾಗದ ಒಬ್ಬರ ಮೇಜಿನ ಖಾನೆಯಲ್ಲೇ ಇತ್ತು. ಲೆಕ್ಕ ಪರಿಶೋಧನೆ ಕಲಿತವರಿಗೆ ಇವು ಹಳೆಯ ಗುರುತುಗಳು. ಒಂದರ ಹಿಂದೆ ಒಂದು ಬರುವ ಸಂಖ್ಯೆ, ಮಿತಿಯ ಹೊಸ್ತಿಲಿಗೆ ತಾಗದಂತೆ ನಿಲ್ಲುವ ಮೊತ್ತ. ನನಗೂ ಪುಸ್ತಕದಲ್ಲಿ ಓದಿ ಗೊತ್ತಿತ್ತು. ಆದರೆ ಓದಿದ್ದು ನೆನಪಾಗುವ ಮೊದಲೇ ಬೆರಳಿಗೆ ತಿಳಿದಿತ್ತು. ಸಾವಿರಾರು ಬಿಲ್ ಮುಟ್ಟಿದ ಬೆರಳು ಅದು.

ಆ ಖರೀದಿ ವಿಭಾಗದವರ ಬಗ್ಗೆ ಒಂದು ಮಾತು ಹೇಳಲೇಬೇಕು. ಅಷ್ಟು ಸೌಜನ್ಯದ ಮನುಷ್ಯನನ್ನು ನಾನು ಆ ಕಾರ್ಖಾನೆಯಲ್ಲಿ ಬೇರೆ ಕಂಡಿಲ್ಲ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡುತ್ತಿದ್ದರು. ನನಗೆ ಟೈಫಾಯ್ಡ್ ಆದಾಗ ಮನೆಗೆ ಬಂದು ನೋಡಿ ಹೋಗಿದ್ದರು. ಅವರ ಮುಖ ನೋಡಿ ನನ್ನ ಒಳಮನಸ್ಸು ಒಂದು ಸಲವೂ ಎಚ್ಚರಿಸಲಿಲ್ಲ. ಎಚ್ಚರಿಸಿದ್ದು ಕಾಗದ.

ಅದೇ ಕಾಲದಲ್ಲಿ ಇನ್ನೊಂದು ನಡೆಯಿತು, ಅದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಒಬ್ಬ ಸಾಗಣೆ ಗುತ್ತಿಗೆದಾರರು, ಎರಡು ಟೆಂಪೊ ಇಟ್ಟುಕೊಂಡವರು. ಬಿಲ್ ಎಂದರೆ ನೋಟುಬುಕ್ಕಿನಿಂದ ಹರಿದ ಹಾಳೆ. ಪ್ರಶ್ನೆ ಕೇಳಿದರೆ ತಡವರಿಸುತ್ತಿದ್ದರು, ನೆಲ ನೋಡುತ್ತಿದ್ದರು, ಹಣೆಯಲ್ಲಿ ಬೆವರು. 'ಈತ ಏನೋ ಮುಚ್ಚಿಡುತ್ತಿದ್ದಾನೆ' ಎಂದು ನನಗೆ ಖಚಿತವಾಗಿ ಅನ್ನಿಸಿತು. ಎರಡು ತಿಂಗಳು ಹಣ ತಡೆದೆ. ಕೊನೆಗೆ ಗೇಟಿನ ರಿಜಿಸ್ಟರ್ ತೆಗೆದು ಒಂದೊಂದು ಟ್ರಿಪ್ಪನ್ನೂ ತಾಳೆ ನೋಡಿದರೆ ಒಂದು ರೂಪಾಯಿಯ ಹೆಚ್ಚುಕಮ್ಮಿಯಿರಲಿಲ್ಲ. ಆಫೀಸಿನ ಗಾಜಿನ ಬಾಗಿಲು, ಇಂಗ್ಲಿಷ್ ಮಾತು, ಎದುರಿಗೆ ಕುಳಿತ ನಾನು, ಇವುಗಳ ಮುಂದೆ ಅವರಿಗೆ ಹೆದರಿಕೆಯಾಗುತ್ತಿತ್ತು. ಆ ಎರಡು ತಿಂಗಳಲ್ಲಿ ಮಗಳ ಫೀಸಿಗೆ ಬಡ್ಡಿ ಸಾಲ ಎತ್ತಿದ್ದರು ಎಂದು ಆಮೇಲೆ ತಿಳಿಯಿತು. ಅವರನ್ನು ಕಂಡಾಗ ನನ್ನೊಳಗೆ ಎದ್ದದ್ದು ಒಳಮನಸ್ಸಿನ ದನಿಯಲ್ಲ, ಬಟ್ಟೆ, ಮಾತು, ಅಂತಸ್ತು ನೋಡಿ ಮನುಷ್ಯರನ್ನು ತೂಗುವ ಹಳೆಯ ಚಟ. ಎರಡರ ದನಿಯೂ ಒಂದೇ ಥರ ಕೇಳಿಸುತ್ತದೆ ಎಂಬುದೇ ಭಯ ಹುಟ್ಟಿಸುವ ಸಂಗತಿ.

ಮುಖ ನೋಡಿ ಸುಳ್ಳು ಹಿಡಿಯುವುದರಲ್ಲಿ ನಾವು ಎಷ್ಟು ಕಳಪೆ ಎಂಬುದಕ್ಕೆ ಲೆಕ್ಕವೇ ಇದೆ. ಮನಶ್ಶಾಸ್ತ್ರಜ್ಞರಾದ ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪೌಲೊ ಅಲ್ಲಿಯವರೆಗೆ ನಡೆದಿದ್ದ ಇನ್ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಪ್ರಕಟಿಸಿದರು. ಮಾತು ಕೇಳಿ ಸತ್ಯ-ಸುಳ್ಳು ಹೇಳುವುದರಲ್ಲಿ ಜನ ಸರಾಸರಿ ಶೇ 54ರಷ್ಟು ಸಲ ಮಾತ್ರ ಸರಿ. ನಾಣ್ಯ ಚಿಮ್ಮಿದರೆ 50. "ನಾನು ಮನುಷ್ಯರನ್ನು ಕಂಡ ಕೂಡಲೇ ಅಳೆಯುತ್ತೇನೆ" ಎಂದು ಎದೆ ತಟ್ಟಿ ಹೇಳುವವರನ್ನು ಕಂಡರೆ ನನಗೀಗ ಕಳವಳವಾಗುತ್ತದೆ.

ಹಾಗಾದರೆ ದೊಡ್ಡಪ್ಪನ ಕೈ? ಅದು ತಪ್ಪಿದ್ದು ಕಡಿಮೆ. ಡೇನಿಯಲ್ ಕಾಹ್ನೆಮನ್ ಮತ್ತು ಗ್ಯಾರಿ ಕ್ಲೈನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಈ ವಿಷಯದಲ್ಲಿ ಎದುರುಬದುರು ನಿಂತವರು. ಒಬ್ಬರು ಒಳಮನಸ್ಸಿನ ತಪ್ಪುಗಳನ್ನು ಹುಡುಕಿದವರು, ಇನ್ನೊಬ್ಬರು ಬೆಂಕಿ ಆರಿಸುವವರಂಥ ಅನುಭವಿಗಳ ಒಳಮನಸ್ಸಿನ ಬಲವನ್ನು ಕಂಡವರು. 2009ರಲ್ಲಿ ಇಬ್ಬರೂ ಸೇರಿ ಒಂದು ಪ್ರಬಂಧ ಬರೆದರು. ಅದರ ಸಾರವನ್ನು ನಮ್ಮ ಮಂಡಿಯ ಭಾಷೆಯಲ್ಲಿ ಹೇಳುವುದಾದರೆ ಹೀಗೆ: ವಿಷಯಕ್ಕೆ ಒಂದು ಕ್ರಮ ಇರಬೇಕು, ಆ ಕ್ರಮವನ್ನು ಬಹಳ ಕಾಲ ನೋಡಿ ಕಲಿತಿರಬೇಕು, ತಪ್ಪಿದಾಗ ತಪ್ಪಿದೆ ಎಂದು ಬೇಗ ತಿಳಿದಿರಬೇಕು. ಅಡಿಕೆ ಕೊಯ್ದ ಕ್ಷಣದಲ್ಲೇ ಉತ್ತರ ಹೇಳುತ್ತದೆ. ದಿನಕ್ಕೆ ನೂರು ಸಲ, 30 ವರ್ಷ, ಅಡಕತ್ತರಿ ದೊಡ್ಡಪ್ಪನ ಕೈಯನ್ನು ತಿದ್ದುತ್ತಲೇ ಬಂದಿತ್ತು. ಮುಖಗಳ ವಿಷಯದಲ್ಲಿ ನಮ್ಮನ್ನು ತಿದ್ದುವ ಅಡಕತ್ತರಿ ಇಲ್ಲ. ಸುಳ್ಳು ಹೇಳಿ ಪಾರಾದವನು ಮರುದಿನ ಬಂದು 'ನಿನ್ನೆ ನೀನು ಮೋಸ ಹೋದೆ' ಎಂದು ಹೇಳಿ ಹೋಗುವುದಿಲ್ಲವಲ್ಲ.

ಇದನ್ನು ಯೋಚಿಸುವಾಗಲೇ ನನಗೆ ಠೇವಣಿ ಯೋಜನೆಗಳ ಮೋಸ ಯಾಕೆ ಇಷ್ಟು ಆಳಕ್ಕೆ ಇಳಿಯುತ್ತದೆ ಎಂಬುದು ಸ್ವಲ್ಪ ಅರ್ಥವಾದದ್ದು. 2019ರ ಜೂನ್‌ನಲ್ಲಿ ಜನರಿಂದ ಹಣ ಪಡೆದು ಲಾಭ ಕೊಡುತ್ತೇನೆ ಎನ್ನುತ್ತಿದ್ದ ಬೆಂಗಳೂರಿನ ಐಎಂಎ ಕಂಪನಿ ಬಾಗಿಲು ಹಾಕಿದಾಗ ಶಿವಾಜಿನಗರದ ಕಚೇರಿಯೆದುರು ಸಾವಿರಾರು ಜನ ಸೇರಿದ್ದರು. ಮಗಳ ಮದುವೆಗೆ ಇಟ್ಟವರು, ನಿವೃತ್ತಿಯ ಹಣ ಇಟ್ಟವರು. ಟೀವಿಯಲ್ಲಿ ನೋಡುತ್ತ ಕುಳಿತವರು "ಇಷ್ಟೂ ಗೊತ್ತಾಗಲಿಲ್ಲವಾ ಇವರಿಗೆ" ಎಂದರು. ನನಗೆ ಆ ಮಾತು ಸೇರಲಿಲ್ಲ. ಅವರಲ್ಲಿ ಎಷ್ಟೋ ಜನಕ್ಕೆ ಮೊದಮೊದಲು 'ಯಾಕೋ' ಎನ್ನಿಸಿಯೇ ಇದ್ದೀತು. ಅನುಮಾನದಿಂದಲೇ ಸ್ವಲ್ಪ ಹಣ ಇಟ್ಟಿದ್ದಾರು. ಮೊದಲ ತಿಂಗಳು ಹಣ ಬಂತು. ಎರಡನೆಯ ತಿಂಗಳೂ ಬಂತು. ಪ್ರತಿ ತಿಂಗಳ ಹಣವೂ ಅವರ ಒಳಮನಸ್ಸಿಗೆ 'ನಿನ್ನ ಅನುಮಾನ ತಪ್ಪು' ಎಂದು ಪಾಠ ಹೇಳಿತು. ಮೋಸಗಾರ ಕಣ್ಣಿಗೆ ಮಣ್ಣೆರಚುವುದಷ್ಟೇ ಅಲ್ಲ, ಅಡಕತ್ತರಿಯನ್ನೇ ತಾನು ಹಿಡಿದು ಕೂರುತ್ತಾನೆ, ಕೊಯ್ದಾಗಲೆಲ್ಲ ಒಳ್ಳೆಯ ಅಡಿಕೆಯೇ ಕಾಣುವಂತೆ ಮಾಡುತ್ತಾನೆ. ಮೂಟೆಯ ತಳ ಖಾಲಿ ಎಂದು ತಿಳಿಯುವುದು ಒಂದೇ ಸಲ, ಎಲ್ಲರಿಗೂ ಒಟ್ಟಿಗೆ.

ಇಂಥಲ್ಲಿ ನೆರವಿಗೆ ಬರುವುದು ಬೇರೆಡೆ ಕಲಿತ ಕ್ರಮ. ಹೂಡಿಕೆದಾರರಿಗೆ ಸುಳ್ಳು ಲಾಭ ತೋರಿಸಿ ಮೋಸ ಮಾಡಿದ ಅಮೆರಿಕದ ಬರ್ನಾರ್ಡ್ ಮ್ಯಾಡಾಫ್ ಪ್ರಕರಣದಲ್ಲಿ ಹ್ಯಾರಿ ಮಾರ್ಕೊಪೋಲೊಸ್ ಎಂಬ ಹಣಕಾಸು ವಿಶ್ಲೇಷಕರಿಗೆ ಆದದ್ದು ಅದೇ. ಆ ಲಾಭದ ಅಂಕಿಗಳನ್ನು ನೋಡಿದ ಐದು ನಿಮಿಷದಲ್ಲೇ ಇದು ನಿಜವಲ್ಲ ಎನ್ನಿಸಿತು, ಲೆಕ್ಕ ಹಾಕಿ ಅದನ್ನು ತೋರಿಸಲು ಇನ್ನು ಕೆಲವು ಗಂಟೆ ಸಾಕಾಯಿತು ಎಂದು ಅವರು ಹೇಳಿದ್ದಾರೆ. ಮಾರುಕಟ್ಟೆ ಏಳಲಿ ಬೀಳಲಿ, ಮ್ಯಾಡಾಫ್ ತೋರಿಸುತ್ತಿದ್ದ ಲಾಭದ ಗೆರೆ ಏಣಿ ಒರಗಿಸಿದಂತೆ ನೇರವಾಗಿ ಮೇಲೇರುತ್ತಿತ್ತು. ನಷ್ಟದ ತಿಂಗಳು ಬೆರಳೆಣಿಕೆಯಷ್ಟು. 2000ದಿಂದಲೇ ಮಾರ್ಕೊಪೋಲೊಸ್ ಅಲ್ಲಿನ ಷೇರು ನಿಯಂತ್ರಣ ಆಯೋಗಕ್ಕೆ ಮತ್ತೆ ಮತ್ತೆ ಬರೆದರು. ಯಾರೂ ಕಿವಿಗೊಡಲಿಲ್ಲ. 2008ರ ಡಿಸೆಂಬರ್‌ನಲ್ಲಿ ಮ್ಯಾಡಾಫ್ ಬಂಧನವಾದಾಗ ಕಾಗದದ ಮೇಲೆ ಇದ್ದ ಹಣ ಸುಮಾರು 65 ಬಿಲಿಯನ್ ಡಾಲರ್. ಮರುವರ್ಷ 150 ವರ್ಷಗಳ ಶಿಕ್ಷೆಯಾಯಿತು.

ಆ ನೇರ ಗೆರೆಯನ್ನು ನಮ್ಮೂರಿನ ಯಾವುದೇ ಅಡಿಕೆ ಬೆಳೆಗಾರರಿಗೆ ತೋರಿಸಿದ್ದರೆ ಏನೆನ್ನುತ್ತಿದ್ದರು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಒಂದು ವರ್ಷ ಕೊಳೆರೋಗ ಬಂದು ಎಳೆಕಾಯಿಯೆಲ್ಲ ನೆಲಕ್ಕೆ. ಇನ್ನೊಂದು ವರ್ಷ ಫಸಲು ಬಂತು, ಧಾರಣೆ ಕುಸಿಯಿತು. ಮತ್ತೊಂದು ವರ್ಷ ಧಾರಣೆ ಇದೆ, ಕೊಯ್ಯಲು ಕೊನೆಗಾರರಿಲ್ಲ. 70ರ ದಶಕದ ಮೊದಲಲ್ಲಿ ಬೆಲೆ ನೆಲಕಚ್ಚಿದ್ದರಿಂದಲೇ 1973ರಲ್ಲಿ ಮಂಗಳೂರಿನಲ್ಲಿ ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ ಹುಟ್ಟಿದ್ದು. ಏರುಪೇರಿಲ್ಲದೆ ಬೆಳೆಯುವ ಯಾವುದನ್ನೂ ಈ ಜನ ಕಂಡವರಲ್ಲ. ಅದೇ ಜನ ತಿಂಗಳಿಗೆ ಶೇ 3 ಕೊಡುತ್ತೇನೆ ಎಂದವನಿಗೆ ಹಣ ಕೊಟ್ಟದ್ದನ್ನೂ ನಾನು ಬಲ್ಲೆ. ತಿಂಗಳಿಗೆ ಶೇ 3ರಂತೆ ಬಡ್ಡಿಗೆ ಬಡ್ಡಿ ಸೇರಿದರೆ ಎರಡು ವರ್ಷಕ್ಕೆ ಹಣ ಇಮ್ಮಡಿಯಾಗುತ್ತದೆ. ಯಾವ ತೋಟ ಎರಡು ವರ್ಷಕ್ಕೆ ಇಮ್ಮಡಿಯಾದೀತು? ತೋಟದಲ್ಲಿ ನಿಂತಾಗ ಇರುವ ತಿಳಿವಳಿಕೆಯನ್ನು ನಾವು ಜಗಲಿಗೆ ತರುವುದಿಲ್ಲ. ಜಗಲಿಯಲ್ಲಿ ಕುಳಿತವನು ಸಂಬಂಧಿಕ, ಇಲ್ಲವೇ ಸಂಬಂಧಿಕರ ಪರಿಚಯದವನು. ಅವನ ಮುಂದೆ ಕಾಗದ ಬಿಡಿಸಿ ಕೇಳುವುದು ಹೇಗೆ?

ಇಲ್ಲೇ ಇರುವುದು ಗಂಟು. ನಮ್ಮಲ್ಲಿ ಕೊರತೆಯಾಗಿರುವುದು ಒಳಮನಸ್ಸಲ್ಲ. ಅದರ ಬಾಯಿಗೆ ದಾಕ್ಷಿಣ್ಯ ಬೀಗ ಜಡಿದಿದೆ. 'ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗವಿಲ್ಲ' ಎಂಬ ಗಾದೆಯನ್ನು ನಗುತ್ತ ಹೇಳುತ್ತೇವೆ, ಹೇಳಿದ ಸಂಜೆಯೇ ದಾಕ್ಷಿಣ್ಯಕ್ಕೆ ಸಹಿ ಹಾಕುತ್ತೇವೆ.

ಅಪ್ಪಯ್ಯ ಶಾಲಾ ಶಿಕ್ಷಕರಾಗಿ ನಿವೃತ್ತರಾದ ವರ್ಷ ನಾನು ಅವರ ಜತೆ ಬ್ಯಾಂಕಿಗೆ ಹೋಗಿದ್ದೆ. ಬಂದ ಹಣವನ್ನು ಠೇವಣಿ ಇಡುವುದಿತ್ತು. ಅಧಿಕಾರಿ ಅಪ್ಪಯ್ಯನ ಹಳೆಯ ವಿದ್ಯಾರ್ಥಿ. ಎದ್ದು ನಿಂತು ಕಾಲು ಮುಟ್ಟಿದ. ಕಾಫಿ ತರಿಸಿದ. "ಮೇಷ್ಟ್ರೇ, ಎಫ್‌ಡಿಗಿಂತ ಒಳ್ಳೆಯದು ಇದೆ, ನಿಮಗೆ ಅಂತಲೇ ಹೇಳ್ತಿದ್ದೇನೆ" ಎಂದ. ಹಾಳೆಗಳನ್ನು ಹಿಂದಿನಿಂದ ಮುಂದಕ್ಕೆ ತಿರುವಿದ, ಸಹಿ ಬೀಳಬೇಕಾದಲ್ಲೆಲ್ಲ ಪೆನ್ಸಿಲ್ಲಿನಲ್ಲಿ ಗುರುತು ಮಾಡಿಟ್ಟಿದ್ದ. ನಾನು ಪಕ್ಕದಲ್ಲೇ ಕುಳಿತಿದ್ದೆ. ದಿನವಿಡೀ ಕಾಗದ ನೋಡುವವನು ನಾನು. ಎರಡು ವಿಷಯ ಕಣ್ಣಿಗೆ ಚುಚ್ಚಿದವು: ಅವಧಿ ಮುಗಿಯುವ ದಿನಾಂಕವನ್ನು ಅವನು ಒಮ್ಮೆಯೂ ಹೇಳಲಿಲ್ಲ, ಮೊದಲ ಪುಟವನ್ನು ನಮ್ಮ ಕಡೆ ತಿರುಗಿಸಲೇ ಇಲ್ಲ. ಬಾಯಿವರೆಗೆ ಬಂತು. ಕಾಲು ಮುಟ್ಟಿದವನನ್ನು, ಅಪ್ಪಯ್ಯನ ಮುಖದಲ್ಲಿ ಆ ಹೊತ್ತು ಇದ್ದ ಹೆಮ್ಮೆಯನ್ನು ನೋಡಿ ನುಂಗಿಕೊಂಡೆ.

ಮರುವರ್ಷ ಪತ್ರ ಬಂತು, ಎರಡನೆಯ ಕಂತು ಒಂದು ಲಕ್ಷ ಕಟ್ಟಿ ಎಂದು. ಅದು ಹತ್ತು ವರ್ಷ ಕಂತು ಕಟ್ಟಬೇಕಾದ ವಿಮಾ ಪಾಲಿಸಿ. ಪಿಂಚಣಿಯಲ್ಲಿ ಅಷ್ಟು ಕಟ್ಟಲು ಸಾಧ್ಯವಿರಲಿಲ್ಲ. ನಿಲ್ಲಿಸಿದಾಗ ಮೊದಲ ಕಂತಿನ ಬಹುಪಾಲು ಹೋಯಿತು. ಪಾಲಿಸಿ ಕೈಗೆ ಬಂದ ಮೇಲೆ ಓದಿ, ಬೇಡವೆನಿಸಿದರೆ ಹಿಂದಿರುಗಿಸಲು ಆಗ 15 ದಿನಗಳ ಅವಕಾಶವಿತ್ತು. 2024ರಿಂದ ಅದು 30 ದಿನವಾಗಿದೆ. ಆ 15 ದಿನಗಳಲ್ಲಿ ಒಂದು ಸಂಜೆ ಆ ಲಕೋಟೆ ಬಿಚ್ಚಿದ್ದರೆ ಸಾಕಿತ್ತು. ಬಿಚ್ಚಲಿಲ್ಲ, ಯಾಕೆಂದರೆ ಬಿಚ್ಚುವುದೆಂದರೆ ಆ ಹುಡುಗನನ್ನು ಅನುಮಾನಿಸಿದಂತೆ ಎಂದು ನಮ್ಮಿಬ್ಬರಿಗೂ ಅನ್ನಿಸಿತ್ತು. ಅಪ್ಪಯ್ಯನಿಗೆ ಹಣಕ್ಕಿಂತ ಹೆಚ್ಚು ನೋವಾದದ್ದು ಬೇರೆಯದು. "ಅವನು ನನ್ನ ಕ್ಲಾಸಿನಲ್ಲಿ ಮೊದಲ ಬೆಂಚಲ್ಲಿ ಕೂರ್ತಿದ್ದ" ಎಂದು ಎಷ್ಟೋ ದಿನ ಹೇಳುತ್ತಿದ್ದರು.

ಸುಳ್ಳಿಗಿಂತ ಅನ್ಯಾಯವನ್ನು ಗುರುತಿಸುವುದು ಇನ್ನೂ ಕಷ್ಟ, ಏಕೆಂದರೆ ಅದು ಬಚ್ಚಿಟ್ಟುಕೊಳ್ಳುವುದೇ ಇಲ್ಲ. ನಮ್ಮ ರಾಜ್ಯದ ಎಷ್ಟೋ ಮಾರುಕಟ್ಟೆಗಳಲ್ಲಿ ರೈತರು 'ಸೂಟು' ಎಂಬ ಪದವನ್ನು ಚೆನ್ನಾಗಿ ಬಲ್ಲರು. ಕ್ವಿಂಟಲಿಗೆ ಇಷ್ಟು ಕಿಲೊ ಎಂದು ತೂಕದಲ್ಲಿ ಸುಮ್ಮನೆ ಕಳೆಯುವುದು. ತೇವಕ್ಕೆ, ಕಸಕ್ಕೆ, ಚೀಲಕ್ಕೆ ಎಂದು ಒಂದೊಂದು ಕಾರಣ. ರೈತನಿಂದ ಕಮಿಷನ್ ಪಡೆಯಬಾರದು, ಅದನ್ನು ಕೊಳ್ಳುವವರು ಕೊಡಬೇಕು ಎಂಬುದು ಕರ್ನಾಟಕದ ಎಪಿಎಂಸಿ ನಿಯಮ. ಆದರೂ ಬಿಳಿ ಚೀಟಿ ನಡೆಯುತ್ತದೆ. ಅಧಿಕೃತ ಬಿಲ್ಲಿನ ಬದಲು ಒಂದು ಬಿಳಿಯ ತುಂಡು ಕಾಗದ, ಅದರಲ್ಲಿ ಕಮಿಷನ್ ಕಳೆದ ಲೆಕ್ಕ. ಕಬ್ಬಿನ ಸೀಮೆಗೆ ಹೋದರೆ ಲಾರಿ ಸಮೇತ ತೂಗುವ ಕಾರ್ಖಾನೆಯ ವೇಬ್ರಿಡ್ಜ್ ಬಗ್ಗೆ ಇದೇ ಕೊರಗು.

ಇವನ್ನು ಮೊದಲ ಸಲ ಕಂಡ ಹುಡುಗನಿಗೆ ಮೈ ಉರಿಯುತ್ತದೆ. ನನಗೂ ಉರಿದಿತ್ತು. ಶಿಕಾರಿಪುರದ ಕಡೆಯ ಗೆಳೆಯನ ಜತೆ ಮೆಕ್ಕೆಜೋಳದ ಲೋಡಿನೊಂದಿಗೆ ಹೋಗಿದ್ದಾಗ, ತಕ್ಕಡಿ ತೋರಿಸಿದ ಅಂಕಿಯೇ ಒಂದು, ಚೀಟಿಯಲ್ಲಿ ಬರೆದದ್ದೇ ಇನ್ನೊಂದು. ಯಾಕೆ ಎಂದು ಕೇಳಿದೆ. "ಇಲ್ಲಿ ಹೀಗೇ" ಎಂದರು. ಗೆಳೆಯ ನನ್ನ ಅಂಗಿ ಜಗ್ಗಿದ. ಅವನಿಗೆ ಮುಂದಿನ ವರ್ಷವೂ ಅಲ್ಲಿಗೇ ಬರಬೇಕು, ಬಿತ್ತನೆಯ ಹೊತ್ತಿಗೆ ಸಾಲ ಕೊಡುವವರೂ ಅವರೇ. ಅವನ ಒಳಮನಸ್ಸು ನನ್ನದಕ್ಕಿಂತ ಮಂಕಾಗಿತ್ತು ಎಂದು ಹೇಗೆ ಹೇಳಲಿ? ಅವನಿಗೆ ಎಲ್ಲವೂ ಗೊತ್ತಿತ್ತು. ಗೊತ್ತಿರುವುದನ್ನು ಹೇಳುವ ಬೆಲೆ ಅವನ ಪಾಲಿಗೆ ಹೆಚ್ಚು, ನನ್ನ ಪಾಲಿಗೆ ಏನೂ ಇಲ್ಲ. 'ಇಲ್ಲಿ ಹೀಗೇ' ಎಂಬ ಮಾತು ಕೇಳಿದಾಗಲೆಲ್ಲ ನಾನು ಈಗ ಕಿವಿ ನಿಮಿರಿಸುತ್ತೇನೆ. ಕಾರಣ ಇರುವವರು ಕಾರಣ ಹೇಳುತ್ತಾರೆ, ಇಲ್ಲದವರು ಪದ್ಧತಿ ಹೇಳುತ್ತಾರೆ.

ಫೋನಿನಲ್ಲಿ ಟಿಕೆಟ್ ಕಾಯ್ದಿರಿಸುವಾಗ ಕೊನೆಯ ಪುಟದಲ್ಲಿ ಮಾತ್ರ ಬೆಲೆ ಏರುವುದು, ಕೇಳದ ವಿಮೆ ಬುಟ್ಟಿಯಲ್ಲಿ ಬಂದು ಕೂರುವುದು, ಚಂದಾ ನಿಲ್ಲಿಸುವ ಗುಂಡಿ ಹುಡುಕಿದರೂ ಸಿಗದಿರುವುದು, ಇವೂ ಬಹಳ ಕಾಲ ನಮ್ಮ ಪಾಲಿಗೆ ಹೆಸರಿಲ್ಲದ ಕಸಿವಿಸಿಗಳಾಗಿದ್ದವು. 2023ರ ನವೆಂಬರ್ ಕೊನೆಯಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇಂಥ 13 ಬಗೆಗಳನ್ನು ಹೆಸರಿಸಿ ಮಾರ್ಗಸೂಚಿ ಹೊರಡಿಸಿತು. ಹೆಸರು ಬಂದರೆ ಅರ್ಧ ಕೆಲಸವಾದಂತೆ. 'ಯಾಕೋ' ಎನ್ನುತ್ತಿದ್ದವರು ಈಗ ದೂರಿನಲ್ಲಿ ಒಂದು ಪದ ಬರೆಯಬಹುದು.

ಕಳೆದ ದೀಪಾವಳಿಯ ಹಿಂದಿನ ವಾರ ಅಮ್ಮ ಊರಿನಿಂದ ಫೋನ್ ಮಾಡಿದ್ದರು. ಅಪ್ಪಯ್ಯ ಈಗಿಲ್ಲ. ದೂರದ ನೆಂಟರ ಪೈಕಿ ಒಬ್ಬರು ಹೊಸ ಚೀಟಿ ಶುರುಮಾಡಿ ಮನೆಮನೆಗೆ ಬರುತ್ತಿದ್ದರಂತೆ. ಜಗಲಿಯಲ್ಲಿ ಕೂರಿಸಿ, ಕವಳದ (ಎಲೆಯಡಿಕೆಯ) ತಟ್ಟೆ ಮುಂದಿಟ್ಟು, ಪೂರಾ ಕೇಳಿಸಿಕೊಂಡರಂತೆ ಅಮ್ಮ. ಚೀಟಿ ನಡೆಸುವವರು ನೋಂದಣಿ ಮಾಡಿಸಿರಬೇಕು, 1982ರ ಕಾಯ್ದೆಯಂತೆ ಅವರ ಕಮಿಷನ್ನಿಗೂ ಮಿತಿಯಿದೆ, ಈಗ ಅದು ಶೇ 7 ಎಂದು ನಾನು ಯಾವಾಗಲೋ ಹೇಳಿದ್ದೆ. ಅದನ್ನು ನೆನಪಿಟ್ಟಿದ್ದರು.

"ಯಾಕೋ ಸರಿ ಅನ್ನಿಸ್ಲಿಲ್ಲ ಮಾರಾಯ. ಬಾಯಿಬಿಟ್ಟು ಕೇಳೇಬಿಟ್ಟೆ. ನೋಂದಣಿ ನಂಬರ್ ಒಂದು ಚೀಟೀಲಿ ಬರೆದು ಕೊಡು, ಮಗನಿಗೆ ಕಳಿಸ್ತೇನೆ ಅಂದೆ."

"ಏನಂದ್ರು?"

"ಕಾರಿನಲ್ಲಿದೆ, ತರ್ತೇನೆ ಅಂತ ಎದ್ದು ಹೋದ. ಕವಳ ಹಾಕಿರಲಿಲ್ಲ ಇನ್ನೂ. ಒಂದು ಗಳಿಗೆ ಕಾದೆ, ಆಮೇಲೆ ತಟ್ಟೆ ಒಳಗಿಟ್ಟೆ."